ಬಡವರ ಮನೆಯೂ ಊರಾಡಳಿತವೂ



ಹಸಿದು ಬಂದವನಿಗೆ ಒಂದು ಹೊತ್ತಿನ ಅನ್ನವನ್ನು ಒಬ್ಬ ಗೃಹಸ್ಥನೇ ನೀಡಬಲ್ಲನು. ಮೈ ಮುಚ್ಚಲು ಅರಿವೆಯನ್ನೂ ಒಬ್ಬನೇ ಕೊಡಬಲ್ಲನು. ಆದರೆ ನೆಲೆಯಿಲ್ಲದವನಿಗೆ ಮನೆಯನ್ನು ಮಾಡಿಕೊಡುವುದು ಒಬ್ಬನ ಕೈಯಿಂದ ಆಗತಕ್ಕ ಕಾರ್ಯವಲ್ಲ. ಮನೆಗೆ ನೆಲ ಬೇಕು, ನೆಲಕ್ಕೆ ಹಕ್ಕುಪತ್ರ ಬೇಕು, ಆಮೇಲೆ ಕಟ್ಟಡದ ವೆಚ್ಚ ಬೇಕು. ಆದುದರಿಂದ ಇದು ಊರೆಲ್ಲವೂ ಕೂಡಿ ನಡೆಯಿಸಬೇಕಾದ ಕಾರ್ಯವಾಗಿದೆ.

2011ರ ಜನಗಣತಿಯಂತೆ ಹಾಸನ ಜಿಲ್ಲೆಯಲ್ಲಿದ್ದ ಸುಮಾರು 17 ಲಕ್ಷ 76 ಸಾವಿರ ಜನರಲ್ಲಿ ಐವರಿಗೆ ನಾಲ್ವರಂತೆ ಹಳ್ಳಿಗಳಲ್ಲಿ ವಾಸವಾಗಿದ್ದರು. ಹಾಗಿರುವಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಬಡವರ ಮನೆಯ ಪ್ರಶ್ನೆಯು ಮೊದಲು ಗ್ರಾಮ ಪಂಚಾಯತಿಯ ಬಾಗಿಲಿಗೇ ಬಂದು ನಿಲ್ಲುವುದು.

ಸರ್ಕಾರಗಳು ಸುಮ್ಮನೆ ಕುಳಿತಿದ್ದುವೆಂದು ಹೇಳಲಾಗದು. ಕೇಂದ್ರದ ಇಂದಿರಾ ಆವಾಸ್ ಯೋಜನೆಯು 1985ರಲ್ಲಿಯೂ, ರಾಜ್ಯದ ಆಶ್ರಯ ಯೋಜನೆಯು 1991–92ರಲ್ಲಿಯೂ ಮೊದಲಾದುವು. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು 2000ನೆಯ ಇಸವಿಯಲ್ಲಿ ಸ್ಥಾಪಿತವಾಯಿತು. ಇಂದಿರಾ ಆವಾಸ್ ಯೋಜನೆಯೇ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯೆಂದು ಮಾರ್ಪಟ್ಟಿತು. ಇದರಂತೆ ಬಯಲು ಪ್ರದೇಶದ ಬಡ ಕುಟುಂಬಕ್ಕೆ 1 ಲಕ್ಷ 20 ಸಾವಿರ ರೂಪಾಯಿಗಳ ನೆರವು ಗೊತ್ತಾಯಿತು. ಅದರಲ್ಲಿ ನೂರಕ್ಕೆ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು. ಮನೆಯು 25 ಚದರ ಮೀಟರಿಗೆ ಕಡಮೆಯಿರಕೂಡದು. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗಲೂ ಮೊಬಲಗು ಅಷ್ಟೇ ಉಳಿಯಿತು. ಸಿಮೆಂಟು ಕಬ್ಬಿಣಗಳ ಬೆಲೆ ಮಾತ್ರ ಇದ್ದಲ್ಲಿಯೇ ನಿಲ್ಲಲಿಲ್ಲ. ಕೆಲಸವು ಮುಂದುವರಿದಂತೆಲ್ಲ ಹಣವು ಕಂತುಗಳಲ್ಲಿ ಬರುವುದರಿಂದ, ಕೈಯಲ್ಲಿ ಕಾಸಿಲ್ಲದವನು ಮೊದಲು ಸಾಲಗಾರನಾಗಿ ಆಮೇಲೆ ಮನೆಯೊಡೆಯನಾಗಬೇಕಾಗುವುದು.

ಇದಕ್ಕಿಂತಲೂ ದೊಡ್ಡ ತೊಡಕು ಮತ್ತೊಂದುಂಟು. ಮನೆ ಕಟ್ಟುವ ನೆರವು ಸಲ್ಲುವುದು ನೆಲವುಳ್ಳವನಿಗೆ. ಪರರ ತೋಟದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿರುವ ಕೂಲಿಗಾರನು ಯಾವ ನಿವೇಶನವನ್ನು ತೋರಿಸಿಯಾನು? ಭೂಸುಧಾರಣಾ ಕಾಯಿದೆಯು ಅಂತಹ ಕೃಷಿಕಾರ್ಮಿಕರಿಗೆ ವಾಸದ ಮನೆಯ ಹಕ್ಕನ್ನು ಪಡೆಯಲು ದಾರಿ ತೆರೆಯಿತು. ಸರ್ಕಾರಿ ಜಮೀನಿನಲ್ಲಿ ಮನೆ ಮಾಡಿಕೊಂಡವರಿಗೆ ಭೂಕಂದಾಯ ಕಾಯಿದೆಯ 94–ಸಿ ವಿಧಿಯು ಬಂದಿತು. ಆದರೂ ದಾಖಲೆಯಿಲ್ಲದವನು ಪಟ್ಟಿಯಲ್ಲಿ ಹೆಸರಿದ್ದರೂ ಹೊರಗೇ ಉಳಿಯುವನು. ನೆಲವಿಲ್ಲದ ಫಲಾನುಭವಿಗೆ ರಾಜ್ಯವು ನಿವೇಶನವನ್ನು ಒದಗಿಸತಕ್ಕದ್ದೆಂದು ಕೇಂದ್ರದ ಯೋಜನೆಯೇ ವಿಧಿಸಿದೆ. ಆ ನೆಲವನ್ನು ಕಂಡುಹಿಡಿಯಬೇಕಾದವರು ಊರನ್ನು ಬಲ್ಲ ಪಂಚಾಯತಿಯವರೂ ಕಂದಾಯದ ಅಧಿಕಾರಿಗಳೂ. ಪೇಟೆಗಳಲ್ಲಿ ಪುರಸಭೆಯಂತಹ ಸಂಸ್ಥೆಗಳು.

ನಿವೇಶನವೇ ಮೊದಲೆಂಬ ಮಾತು ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗಿನ ಹಾವಳಿ ಬಂದಾಗ ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಗಾಳಿಬೆಳಕಿನ ನಿವೇಶನಗಳಾಗಿ ಬೆಳೆದುವು. ಮೈಸೂರಿನಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಊರಾಡಳಿತವು ನೆಲವನ್ನು ಹಸನುಮಾಡಿ, ಬೀದಿ ಚರಂಡಿಗಳನ್ನು ಹಾಕಿಸಿದರೆ ಮನೆಗಳು ತಾವಾಗಿ ಮೇಲೇಳುವುವು.

ನೆಲವನ್ನು ಆರಿಸುವಲ್ಲಿಯೂ ವಿವೇಕ ಬೇಕು. 2019ರ ಆಗಸ್ಟ್ ತಿಂಗಳಲ್ಲಿ ಕಾವೇರಿಯು ಉಕ್ಕಿದಾಗ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಬಡವನಿಗೆಂದು ಹೊಳೆಯ ದಡವನ್ನೋ ಯಾರಿಗೂ ಬೇಡವಾದ ಹಳ್ಳವನ್ನೋ ತೋರಿಸುವುದು ದಾನವೂ ಅಲ್ಲ, ಆಡಳಿತವೂ ಅಲ್ಲ.

ಇನ್ನು ಯಾರಿಗೆ ಮೊದಲು ಮನೆ ಎಂಬುದನ್ನು ನಿರ್ಧರಿಸುವ ಸ್ಥಳ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯಿದೆಯು ಫಲಾನುಭವಿಗಳ ಆಯ್ಕೆಯಲ್ಲಿ ಈ ಸಭೆಗೆ ಅಧಿಕಾರವನ್ನಿತ್ತಿದೆ. ಸಭೆಗೆ ಜನರು ಬಾರದಿದ್ದರೆ ಪಟ್ಟಿಯು ನಾಲ್ಕು ಜನರ ಜಗಲಿಯ ಮೇಲೆ ಸಿದ್ಧವಾಗುವುದು; ಮನೆಯುಳ್ಳವನ ಹೆಸರು ಮೇಲೇರಿ, ವಿಧವೆಯ ಹೆಸರು ಅಳಿಸಿಹೋಗುವುದು. ಜನರು ಬಂದು ಕುಳಿತು, ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ಅರ್ಹರಲ್ಲದವರ ಹೆಸರನ್ನು ಮುಖ ನೋಡದೆ ಪ್ರಶ್ನಿಸಿದರೆ ಅನ್ಯಾಯವು ಸುಲಭವಾಗಿ ನಡೆಯಲಾರದು.

ಈ ಸಭೆಯಲ್ಲಿರುವ ಮಹನೀಯರಲ್ಲಿ ಜಮೀನುದಾರರುಂಟು, ಪಂಚಾಯತಿಯ ಸದಸ್ಯರುಂಟು, ಅಕ್ಷರಸ್ಥ ತರುಣರುಂಟು. ಜಮೀನುದಾರರು ತಮ್ಮ ಆಳಿನ ಗುಡಿಸಲ ನೆಲಕ್ಕೆ ಅಡ್ಡಿಮಾಡದಿರಲಿ. ಸದಸ್ಯರು ಪಟ್ಟಿಯನ್ನು ಬಚ್ಚಿಡದಿರಲಿ. ತರುಣರು ಓದುಬರಹ ಬಾರದವರ ಅರ್ಜಿಯನ್ನು ಬರೆದುಕೊಡಲಿ. ಮುಂದಿನ ಗ್ರಾಮಸಭೆಯ ದಿನ ಊರಿನ ಪ್ರತಿಯೊಂದು ಮನೆಯಿಂದಲೂ ಒಬ್ಬರು ತಪ್ಪದೆ ಬಂದು ಕುಳಿತರೆ, ಮನೆಯಿಲ್ಲದವರ ಕಾರ್ಯಕ್ಕೆ ಅದೇ ಅಸ್ತಿಭಾರವಾಗುವುದು.