ನೋಯದ ಗಂಟೆಂದು ಸುಮ್ಮನಿರಬೇಡಿ

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿನಲ್ಲಿ ಗಂಟು ಕಟ್ಟುವುದನ್ನು ನೀವೆಲ್ಲ ಕಂಡಿದ್ದೀರಿ. ಗಾಯದ ನಂಜು ದುಗ್ಧನಾಳಗಳಲ್ಲಿ, ಅಂದರೆ ಲಿಂಫ್ ನಾಳಗಳಲ್ಲಿ, ಹರಿದು ಅಲ್ಲಿನ ಗ್ರಂಥಿಯನ್ನು ಮುಟ್ಟಿರುತ್ತದೆ. ಚರ್ಮದ ಕ್ಯಾನ್ಸರ್ ಕೂಡ ಇದೇ ದಾರಿ ಹಿಡಿಯಬಲ್ಲದು.

ಇವತ್ತು ಹೇಳಹೊರಟಿರುವುದು ಮರ್ಕೆಲ್ ಕೋಶದ ಕ್ಯಾನ್ಸರ್ ಬಗ್ಗೆ. ನಮ್ಮಲ್ಲಿ ಬಹಳ ಅಪರೂಪ. ಬಿಳಿ ಚರ್ಮದವರಲ್ಲಿ, ಅದರಲ್ಲೂ ಆಸ್ಟ್ರೇಲಿಯಾದಲ್ಲಿ, ಹೆಚ್ಚು. 1972ರಲ್ಲಿ ಟೋಕರ್ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ಬಹುಪಾಲು ಗಡ್ಡೆಗಳಲ್ಲಿ ಒಂದು ವೈರಸ್ ಇರುವುದು 2008ರಲ್ಲಿ ಗೊತ್ತಾಯಿತು. ಮುಖ, ಕುತ್ತಿಗೆ, ತೋಳುಗಳಂಥ ಬಿಸಿಲು ಬೀಳುವ ಕಡೆ ಕೆಂಪು ಅಥವಾ ನೇರಳೆ ಬಣ್ಣದ ಗಂಟು ಏಳುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ, ಆದರೆ ವಾರಗಳಲ್ಲೇ ದಪ್ಪವಾಗುತ್ತದೆ.

ಈ ಕ್ಯಾನ್ಸರ್ ಈಗಾಗಲೇ ಇರುವ ದುಗ್ಧನಾಳಗಳನ್ನಷ್ಟೇ ಬಳಸಿಕೊಂಡು ಸುಮ್ಮನಿರುವುದಿಲ್ಲ, ಹೊಸವನ್ನೂ ಬೆಳೆಸಿಕೊಳ್ಳುತ್ತದೆ. ಗಡ್ಡೆಯೊಳಗೆ ಬಂದು ಸೇರುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ವಿಇಜಿಎಫ್-ಸಿ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಅದು ತಾಕಿದ ನಾಳಗಳು ಕವಲೊಡೆಯುತ್ತವೆ. ನಮ್ಮನ್ನು ಕಾಯಬೇಕಾದ ಕೋಶಗಳೇ ರೋಗಕ್ಕೆ ದಾರಿ ಮಾಡಿಕೊಡುವುದನ್ನು ನೆನೆದರೆ ಸಂಕಟವಾಗುತ್ತದೆ. ದುಗ್ಧನಾಳದ ಗೋಡೆ ತೀರಾ ತೆಳು, ಕ್ಯಾನ್ಸರ್ ಕೋಶಕ್ಕೆ ಒಳನುಸುಳುವುದು ಸುಲಭ.

ಹಾಗಾಗಿಯೇ ಕಂಕುಳು, ಕುತ್ತಿಗೆ ಮುಟ್ಟಿ ನೋಡಿ ಏನೂ ಸಿಗಲಿಲ್ಲವೆಂದು ನಿರಾಳರಾಗುವಂತಿಲ್ಲ. ಕೈಗೆ ಸಿಗದಿದ್ದರೂ ಸುಮಾರು ಮೂವರಲ್ಲಿ ಒಬ್ಬರ ಗ್ರಂಥಿಯಲ್ಲಿ ರೋಗ ಆಗಲೇ ಸೇರಿರುತ್ತದೆ. ಅದನ್ನು ಪತ್ತೆಮಾಡಲು ಗಡ್ಡೆಯ ಪಕ್ಕದಲ್ಲಿ ಅಲ್ಪ ವಿಕಿರಣದ ದ್ರವವನ್ನೋ ನೀಲಿ ಬಣ್ಣವನ್ನೋ ಚುಚ್ಚಿ, ಅದು ಮೊದಲು ಸೇರುವ ಗ್ರಂಥಿಯನ್ನು ತೆಗೆದು ಪರೀಕ್ಷಿಸುತ್ತಾರೆ. ಗಡ್ಡೆಯ ಸುತ್ತ ಅಗಲವಾಗಿ ಕೊಯ್ದರೆ ಆ ಹರಿವಿನ ದಾರಿಯೇ ಬದಲಾಗಬಹುದು. ಆದ್ದರಿಂದ ಆಪರೇಷನ್‌ಗೆ ಮೊದಲೇ, "ಡಾಕ್ಟ್ರೇ, ಗ್ರಂಥಿ ಪರೀಕ್ಷೆ ಯಾವಾಗ ಮಾಡ್ತೀರಿ?" ಎಂದು ಕೇಳಿ. ಸಂಕೋಚ ಬೇಡ.

ಐವತ್ತು ದಾಟಿದವರು, ಕಿಡ್ನಿ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರು ಹೆಚ್ಚು ಎಚ್ಚರವಾಗಿರಬೇಕು. ಬೇಗ ಬೆಳೆಯುವ ಯಾವ ಗಂಟಿಗೂ ಸುಣ್ಣ ಹಚ್ಚಬೇಡಿ, ಸುಡಬೇಡಿ, ಹಿಸುಕಬೇಡಿ. ಚರ್ಮವೈದ್ಯರಿಗೆ ತೋರಿಸಿ, ಬಯಾಪ್ಸಿ ಮಾಡಿಸಿ. ರೋಗ ಹರಡಿದ್ದರೂ ಕೈಚೆಲ್ಲಬೇಕಿಲ್ಲ: 2017ರಲ್ಲಿ ಅಮೆರಿಕ ಒಪ್ಪಿದ ಅವೆಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಕೆಲವರಲ್ಲಿ ಚೆನ್ನಾಗಿ ಕೆಲಸ ಮಾಡಿದೆ. ಚಿಕಿತ್ಸೆ ಮುಗಿದ ಮೊದಲ ಎರಡು ಮೂರು ವರ್ಷಗಳಲ್ಲೇ ಇದು ಮರುಕಳಿಸುವುದು ಹೆಚ್ಚು. ಆ ಅವಧಿಯ ಒಂದು ತಪಾಸಣೆಯನ್ನೂ ತಪ್ಪಿಸಬೇಡಿ.