ತೊಗಲು ತೊಳೆಯುವ ಕೈಗಳು



ಪಂಚವಟಿಯಲ್ಲಿ ಸೀತಾದೇವಿ ಹೊನ್ನಿನ ಜಿಂಕೆಯನ್ನು ಕಂಡು ಆಸೆಪಟ್ಟ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು? ಜೀವಸಹಿತ ಸಿಕ್ಕಿದರೆ ಸಾಕಿಕೊಳ್ಳೋಣ, ಇಲ್ಲವಾದರೆ ಅದರ ತೊಗಲಾದರೂ ಕೂರುವುದಕ್ಕೆ ಆಸನವಾಗಲಿ ಎಂಬುದು ಆಕೆಯ ಬಯಕೆ. ಮುಂದಿನದನ್ನು ಆದಿಕವಿ ವಿಸ್ತಾರವಾಗಿ ಹೇಳುತ್ತಾನೆ: ರಾಮನು ಬೆನ್ನಟ್ಟಿದ್ದು, ಬಾಣ ಬಿಟ್ಟದ್ದು, ಮಾರೀಚನು ಕೂಗಿಕೊಂಡದ್ದು. ಜಿಂಕೆ ಮಾಯೆಯಾಗಿದ್ದುದರಿಂದ ಒಂದು ಪ್ರಶ್ನೆ ಏಳುವುದಕ್ಕೆ ಅವಕಾಶವೇ ಆಗಲಿಲ್ಲ. ಅದು ದಿಟದ ಜಿಂಕೆಯಾಗಿದ್ದು ಬಾಣ ತಗುಲಿ ಬಿದ್ದಿದ್ದರೆ, ಅದರ ತೊಗಲು ಪರ್ಣಶಾಲೆಯ ಆಸನವಾಗುವುದಕ್ಕೆ ಮೊದಲು ನೆತ್ತರನ್ನು ತೊಳೆಯುವವರು ಯಾರು? ಕೊಬ್ಬನ್ನು ಹೆರೆಯುವವರು ಯಾರು? ನೆರಳಿನಲ್ಲಿ ಬಿಗಿದು ಒಣಗಿಸುವವರು ಯಾರು? ಬೇಟೆಗೆ ಕಾವ್ಯವುಂಟು, ಬೇಟೆಯ ಮರುದಿನದ ಕೆಲಸಕ್ಕೆ ಕಾವ್ಯವಿಲ್ಲ. ಆ ಮರುದಿನದ ಕೆಲಸವನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದು ನಾವು ಉದ್ದೇಶಿಸಿದ್ದೇವೆ.

ಇದಕ್ಕಾಗಿ ಮನಸ್ಸಿನಲ್ಲಿ ಬಹುದೂರ ಪಯಣ ಮಾಡಬೇಕಾಗುತ್ತದೆ. ನಮ್ಮ ನಾಡಿನ ಹವೆಗೆ ತುಪ್ಪುಳು ತೊಗಲಿನ ಉಡುಪು ಬೇಕಿಲ್ಲ. ಮಾಗಿಯ ಬೆಳಗಿಗೆ ಒಂದು ಕಂಬಳಿ ಸಾಕು. ಉತ್ತರ ಅಮೆರಿಕದ ಕೆನಡಾ ದೇಶದ ಮಾತು ಬೇರೆ. ಅಲ್ಲಿ ನದಿಗಳೂ ಸರೋವರಗಳೂ ತಿಂಗಳುಗಟ್ಟಲೆ ಹೆಪ್ಪುಗಟ್ಟಿ ನಿಲ್ಲುತ್ತವೆ. ಅಲ್ಲಿಯ ಕಾಡಿನಲ್ಲಿ ಬೀವರ್ ಎಂಬುದೊಂದು ಪ್ರಾಣಿ ಇದೆ. ಹಲ್ಲಿನಿಂದಲೇ ಮರವನ್ನು ಕಡಿದುರುಳಿಸಿ, ತೊರೆಗೆ ಅಡ್ಡಲಾಗಿ ಕಟ್ಟೆ ಹಾಕಿ, ನಿಂತ ನೀರಿನ ನಡುವೆ ಮನೆ ಮಾಡಿಕೊಂಡು ಬಾಳುವ ಜಾಣ ಜಂತು ಅದು. ಅದರೊಡನೆ ಮಸ್ಕ್‌ರ್ಯಾಟ್ ಎಂಬ ನೀರಿನ ಇಲಿ, ಮಿಂಕ್, ನೀರುನಾಯಿ, ರಕೂನ್, ನರಿ ಮೊದಲಾದವುಗಳನ್ನೂ ಬೋನಿಗೋ ಉರುಳಿಗೋ ಕೆಡಹಿ, ತೊಗಲನ್ನು ಮಾರಿ ಜೀವಿಸುವ ಕಸುಬು ಅಲ್ಲಿ ಶತಮಾನಗಳಿಂದ ನಡೆದುಬಂದಿದೆ. ಈಗಲೂ ಅಷ್ಟಿಷ್ಟು ನಡೆಯುತ್ತಿದೆ.

ಇಂತಹ ಪ್ರಾಣಿಗಳ ಮೈಮೇಲೆ ಎರಡು ಬಗೆಯ ಕೂದಲು. ಹೊರಗೆ ಕಾಣುವುದು ಉದ್ದನೆಯ ಒರಟು ಕೂದಲು. ಮಳೆ ಹಿಮಗಳನ್ನು ತಡೆಯುವ ಕೊಡೆ ಅದು. ಅದರ ಬುಡದಲ್ಲಿ ಒತ್ತಾಗಿ ಬೆಳೆದಿರುವುದು ಮೆತ್ತನೆಯ ತುಪ್ಪುಳು; ಮೈಯನ್ನು ಬೆಚ್ಚಗಿಡುವ ಕಂಬಳಿ ಇದು. ಚಳಿ ಏರಿದ ಹಾಗೆ ತುಪ್ಪುಳು ತುಂಬುತ್ತದೆ. ಪೂರ್ತಿ ತುಂಬಿದಾಗ ತೊಗಲಿನ ಒಳಮೈ ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಅಕಾಲದಲ್ಲಿ ಕೊಂದ ಪ್ರಾಣಿಯ ತೊಗಲಿನ ಒಳಮೈ ನೀಲಿಗಪ್ಪಾಗಿ ಉಳಿಯುತ್ತದೆ. ಕೊಳ್ಳುವವನು ತೊಗಲನ್ನು ತಿರುವಿ ನೋಡಿದೊಡನೆಯೇ ಬೇಟೆಗಾರನ ಆತುರ ಬಯಲಾಗುವುದು. ಆದರೆ ಸಕಾಲದಲ್ಲಿ ಸಿಕ್ಕಿದ ಒಳ್ಳೆಯ ತೊಗಲಿಗೂ ಒಳ್ಳೆಯ ಬೆಲೆ ತಾನಾಗಿ ಬರುವುದಿಲ್ಲ. ಬೆಲೆ ಹುಟ್ಟುವುದು ನೀರಿನ ತೊಟ್ಟಿಯ ಬಳಿಯಲ್ಲಿ.

ಬೋನಿಗೆ ಬಿದ್ದ ಪ್ರಾಣಿಯ ಮೈಗೆ ಕೆಸರು ಮೆತ್ತಿರುತ್ತದೆ; ನೆತ್ತರು ಅಂಟಿರುತ್ತದೆ; ಕೂದಲಿನಲ್ಲಿ ಮುಳ್ಳುಕಾಯಿಗಳು ಸಿಕ್ಕಿಕೊಂಡಿರುತ್ತವೆ. ಮೊದಲು ಬಾಚಣಿಗೆಯಿಂದ ಇವನ್ನೆಲ್ಲ ಬಿಡಿಸಬೇಕು. ಅನಂತರ ತೊಳೆಯುವುದು. ನೀರು ತಣ್ಣಗಿರಬೇಕು. ಬಿಸಿನೀರು ತಗುಲಿದರೆ ನೆತ್ತರಿನ ಕಲೆ ನಿಂತುಬಿಡುತ್ತದೆ. ಬಟ್ಟೆಯ ಮೇಲಿನ ರಕ್ತದ ಕಲೆಯನ್ನು ತೆಗೆದು ಬಲ್ಲ ನಮ್ಮ ಮನೆಯ ಹೆಂಗಸರಿಗೆ ಈ ಮಾತು ಹೊಸದಲ್ಲ. ಜಿಡ್ಡು ಹೆಚ್ಚಾಗಿದ್ದರೆ ಸೌಮ್ಯವಾದ ಸಾಬೂನನ್ನು ಹಾಕಬಹುದು. ಆದರೆ ಆಮೇಲೆ ಸಾಬೂನಿನ ಅಂಶ ಕಿಂಚಿತ್ತೂ ಉಳಿಯದಂತೆ ಜಾಲಿಸಬೇಕು. ಸೀರೆಯನ್ನು ಹಿಂಡುವ ಹಾಗೆ ತೊಗಲನ್ನು ಹಿಂಡಲಾಗದು. ನೇತುಹಾಕಿ, ಕೊಡವಿ, ಗಾಳಿಗೆ ಒಡ್ಡಿ, ಕೂದಲು ಬಿಡಿಬಿಡಿಯಾಗುವ ತನಕ ಒಣಗಿಸಬೇಕು. ಒದ್ದೆಯಾಗಿಯೇ ರಾಶಿ ಹಾಕಿದರೆ ತೊಗಲು ಒಳಗೊಳಗೇ ಕೊಳೆಯತೊಡಗಿ, ಮುಟ್ಟಿದ ಕಡೆಯಲ್ಲೆಲ್ಲ ಕೂದಲು ಹಿಡಿಹಿಡಿಯಾಗಿ ಕಿತ್ತುಬರುತ್ತದೆ. ಒಂದು ರಾತ್ರಿಯ ಸೋಮಾರಿತನಕ್ಕೆ ಒಂದು ಜೀವ ವ್ಯರ್ಥವಾಯಿತೆಂದೇ ಲೆಕ್ಕ.

ಅನಂತರದ ಕೆಲಸ ಹೆರೆಯುವುದು. ದುಂಡು ಬೆನ್ನಿನ ಮರದ ದಿಮ್ಮಿಯೊಂದನ್ನು ಓರೆಯಾಗಿ ನಿಲ್ಲಿಸಿ, ಒಳಮೈ ಮೇಲಾಗುವಂತೆ ತೊಗಲನ್ನು ಅದರ ಮೇಲೆ ಹೊದಿಸುವರು. ಎರಡು ಕೊನೆಗಳಲ್ಲಿಯೂ ಹಿಡಿಯುಳ್ಳ ಕತ್ತಿಯಿಂದ ಮಾಂಸವನ್ನೂ ಕೊಬ್ಬನ್ನೂ ಮೇಲಿನಿಂದ ಕೆಳಕ್ಕೆ ತಳ್ಳುವರು. ಕೊಬ್ಬು ಉಳಿದರೆ ಅದು ಕಾಲಕ್ರಮದಲ್ಲಿ ತೊಗಲನ್ನು ಸುಟ್ಟಂತೆ ಮಾಡುತ್ತದೆ. ಅತಿಯಾಗಿ ಹೆರೆದರೆ ಕೂದಲಿನ ಬುಡ ಕತ್ತರಿಸಿಹೋಗುತ್ತದೆ. ಈ ಎರಡರ ನಡುವಣ ಹದವನ್ನು ಪುಸ್ತಕ ಕಲಿಸಲಾರದು. ಅದನ್ನು ಬಲ್ಲದ್ದು ಅಂಗೈ. ಮೊದಲಲ್ಲಿ ಹೇಳಿದ ಮುಳ್ಳುಕಾಯಿಗಳ ಮಹಿಮೆ ಇಲ್ಲಿ ಗೊತ್ತಾಗುತ್ತದೆ. ಬಾಚುವಾಗ ಒಂದೇ ಒಂದು ಮುಳ್ಳುಕಾಯಿ ಕೈತಪ್ಪಿ ಉಳಿದಿದ್ದರೂ, ಅದಿರುವ ಕಡೆ ತೊಗಲು ಗುಬ್ಬಿಯಂತೆ ಉಬ್ಬಿರುತ್ತದೆ. ಕತ್ತಿ ಅದರ ಮೇಲೆ ಹಾದೊಡನೆಯೇ ಅಲ್ಲೊಂದು ತೂತು ಬೀಳುತ್ತದೆ. ತೊಳೆಯುವಾಗ ಮಾಡಿದ ತಪ್ಪು ಹೆರೆಯುವಾಗ ಫಲ ಕೊಡುವುದು ಹೀಗೆ.

ಕೊನೆಯದು ಬಿಗಿದು ಒಣಗಿಸುವುದು. ಬೀವರನ್ನು ಹೊಟ್ಟೆಯ ಉದ್ದಕ್ಕೂ ಸೀಳಿ, ತೊಗಲನ್ನು ಹಲಗೆಯ ಮೇಲೆ ಅಂಡಾಕಾರವಾಗಿ ಹರಡಿ ಮೊಳೆ ಹೊಡೆಯುವರು. ಮೂಲನಿವಾಸಿಗಳು ಎಳೆಯ ಕೊಂಬೆಯನ್ನು ಬಳೆಯಂತೆ ಬಾಗಿಸಿ ಅದಕ್ಕೆ ತೊಗಲನ್ನು ದಾರದಿಂದ ಬಿಗಿಯುತ್ತಿದ್ದರು. ಮಸ್ಕ್‌ರ್ಯಾಟ್, ಮಿಂಕ್, ನರಿ ಮುಂತಾದವುಗಳ ತೊಗಲನ್ನು ಸೀಳದೆ, ಅಂಗಿಯನ್ನು ಕಳಚುವಂತೆ ಕಳಚಿ, ನೀಳವಾದ ಹಲಗೆಗೆ ತೊಡಿಸುವರು. ನರಿಯ ತೊಗಲಿನ ಒಳಮೈ ಕೊಂಚ ಆರಿದ ಮೇಲೆ, ಅದು ಗಡುಸಾಗುವ ಮೊದಲೇ, ಕೂದಲು ಹೊರಗಾಗುವಂತೆ ಮಗುಚಬೇಕು. ಹೊತ್ತು ಮೀರಿದರೆ ಮಗುಚುವುದಕ್ಕಾಗದು. ಬೆಂಕಿಯ ಹತ್ತಿರವೂ ಬಿಸಿಲಿನಲ್ಲಿಯೂ ಇಡಬಾರದು. ಹೆಚ್ಚು ಎಳೆದು ಬಿಗಿದರೆ ಅಳತೆಯೇನೋ ದೊಡ್ಡದಾಗುತ್ತದೆ, ತುಪ್ಪುಳು ಮಾತ್ರ ತೆಳುವಾಗಿ ಕಾಣುತ್ತದೆ. ಲೋಭಿಗೆ ಇಲ್ಲಿಯೂ ಲಾಭವಿಲ್ಲ.

ಇದೆಲ್ಲ ಮುಗಿದ ತರುವಾಯ ತೊಗಲು ಹರಾಜಿನ ಮೇಜಿಗೆ ಬರುತ್ತದೆ. ಕೊಳ್ಳುವವನು ಕೂದಲನ್ನು ಊದಿ ಬುಡ ನೋಡುತ್ತಾನೆ, ಸವರುತ್ತಾನೆ, ಬೆಲೆ ಕೂಗುತ್ತಾನೆ. ಅವನ ಕಣ್ಣಿಗೆ ಬೀಳುವುದು ಹೊಳೆಯುವ ತುಪ್ಪುಳು. ತಣ್ಣೀರಿನಲ್ಲಿ ಮರಗಟ್ಟಿದ ಬೆರಳುಗಳು ಅವನ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಆ ಬೆರಳುಗಳು ಯಾರವು ಎಂಬುದನ್ನು ವಿಚಾರಿಸೋಣ. ೧೬೭೦ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಹಡ್ಸನ್ಸ್ ಬೇ ಕಂಪನಿಗೆ ಸನ್ನದನ್ನಿತ್ತು, ಹಡ್ಸನ್ ಕೊಲ್ಲಿಗೆ ನೀರು ಹರಿದುಬರುವ ಸಮಸ್ತ ಭೂಮಿಯ ವ್ಯಾಪಾರವನ್ನೂ ಅದಕ್ಕೆ ಬಿಟ್ಟುಕೊಟ್ಟನು. ನಮ್ಮನ್ನಾಳಿದ ಇನ್ನೊಂದು ಕಂಪನಿಯ ಸೋದರಸಂಬಂಧಿಯೆಂದು ಅದನ್ನು ಕರೆಯಬಹುದು. ಆ ಕಾಲದ ಯೂರೋಪಿನಲ್ಲಿ ಗೌರವಸ್ಥರ ತಲೆಗೆ ಬೀವರಿನ ತುಪ್ಪುಳಿನಿಂದ ಮಾಡಿದ ಟೋಪಿ ಬೇಕು. ನಾಣ್ಯವಿಲ್ಲದ ಕಾಡಿನಲ್ಲಿ ಬೀವರಿನ ತೊಗಲೇ ನಾಣ್ಯವಾಯಿತು. ಕೋವಿಗೆ ಇಷ್ಟು, ಕಂಬಳಿಗೆ ಇಷ್ಟು, ಕೊಪ್ಪರಿಗೆಗೆ ಇಷ್ಟು ಎಂದು ತೊಗಲಿನಲ್ಲಿಯೇ ಬೆಲೆ ಕಟ್ಟುತ್ತಿದ್ದರು. ಈ ನಾಣ್ಯಕ್ಕೆ ಅವರಿಟ್ಟ ಹೆಸರು ಗಮನಿಸತಕ್ಕದ್ದು: ಬರಿಯ ಬೀವರಲ್ಲ, 'ಮೇಡ್ ಬೀವರ್', ಎಂದರೆ ಸಿದ್ಧಪಡಿಸಿದ ಬೀವರ್. ಕಾಡು ಕೊಟ್ಟದ್ದು ನಾಣ್ಯವಲ್ಲ. ಕಾಡು ಕೊಟ್ಟದ್ದನ್ನು ತೊಳೆದು, ಹೆರೆದು, ಒಣಗಿಸಿದ್ದು ನಾಣ್ಯ. ಆ ಒಂದು ವಿಶೇಷಣದಲ್ಲಿ ಒಂದು ಜನಾಂಗದ ದುಡಿಮೆ ಅಡಗಿದೆ.

ಇನ್ನೂ ಒಂದು ವಿನೋದವುಂಟು. ಹೊಸ ತೊಗಲಿಗಿಂತ, ಮೂಲನಿವಾಸಿಗಳು ಒಂದೆರಡು ಚಳಿಗಾಲ ಮೈಮೇಲೆ ಹೊದೆದು ಸವೆಸಿದ ಹಳೆಯ ತೊಗಲನ್ನೇ ಟೋಪಿಯವರು ಬಹುಕಾಲ ಮೇಲೆಂದು ಎಣಿಸುತ್ತಿದ್ದರು. ಹೊದಿಕೆಗೆಂದು ಒಳಮೈಯನ್ನು ತೆಳ್ಳಗೆ ಹೆರೆದುದರಿಂದ ಒರಟು ಕೂದಲಿನ ಬೇರು ಸಡಿಲಾಗಿ, ತೊಟ್ಟು ಸವೆಸಿದಂತೆಲ್ಲ ಅದು ಉದುರಿಹೋಗುತ್ತಿತ್ತು. ಮೈಯ ಬೆವರೂ ಜಿಡ್ಡೂ ಸೇರಿ ಉಳಿದ ತುಪ್ಪುಳು ಟೋಪಿಯ ಕೆಲಸಕ್ಕೆ ಹದವಾಗುತ್ತಿತ್ತು. ಯಾರನ್ನು ಕಾಡುಜನರೆಂದು ಹಳಿಯುತ್ತಿದ್ದರೋ ಅವರ ಬೆವರಿನಿಂದಲೇ ಪ್ಯಾರಿಸ್ ಲಂಡನ್ನುಗಳ ಗೌರವಸ್ಥರ ಟೋಪಿಗೆ ಮೆರುಗು ಬಂತು! ಟೋಪಿಯ ಕಾರ್ಖಾನೆಗಳಲ್ಲಿ ತುಪ್ಪುಳನ್ನು ಬೇಗ ಹದಗೊಳಿಸುವುದಕ್ಕಾಗಿ ಪಾದರಸದ ದ್ರಾವಣವನ್ನು ಬಳಸುವ ಪದ್ಧತಿ ಹಬ್ಬಿದ ಮೇಲೆ, ಕೆಲಸಗಾರರಿಗೆ ಕೈನಡುಕವೂ ಚಿತ್ತಚಾಂಚಲ್ಯವೂ ಬಂದವು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪದ್ಧತಿ ನಿಂತದ್ದು ೧೯೪೧ರಲ್ಲಿ. ಟೋಪಿ ತೊಟ್ಟವನಿಗೆ ಇದಾವುದೂ ತಿಳಿಯದು.

ತೊಗಲನ್ನು ಸಿದ್ಧಪಡಿಸುತ್ತಿದ್ದವರು ಬಹುಮಟ್ಟಿಗೆ ಹೆಂಗಸರು. ೧೭೭೦ರಿಂದ ೧೭೭೨ರವರೆಗೆ ಉತ್ತರ ಸಮುದ್ರದ ಕಡೆಗೆ ಕಾಲುನಡಿಗೆಯಲ್ಲಿ ಹೋಗಿಬಂದ ಸ್ಯಾಮ್ಯುಯೆಲ್ ಹರ್ನ್ ಎಂಬಾತನಿಗೆ, ಅವನ ಮಾರ್ಗದರ್ಶಿ ಮಟೋನಬಿ ಒಂದು ಕಾರಣವನ್ನು ತಿಳಿಸಿದನಂತೆ: ಹಿಂದಿನ ಪಯಣಗಳು ಕೆಟ್ಟದ್ದು ಹೆಂಗಸರನ್ನು ಕರೆದೊಯ್ಯದೆ ಇದ್ದುದರಿಂದ, ಅವರಿಲ್ಲದಿದ್ದರೆ ಹೊರೆ ಹೊರುವವರಾರು, ಬಟ್ಟೆ ಹೊಲಿಯುವವರಾರು ಎಂದು. ಅಲ್ಲಿಗೂ ಅವರ ಊಟದ ಪಾಲನ್ನು ಹೆಚ್ಚಿಸಬೇಕೆಂದು ಅವನು ಹೇಳಿದ ಹಾಗೆ ಕಾಣದು.

ಆದರೂ ಒಬ್ಬಳ ಹೆಸರು ಉಳಿದಿದೆ. ದೆನೆ ಜನಾಂಗದ ತನಡೆಲ್ತೂರ್ ಎಂಬ ತರುಣಿ ಕ್ರೀ ಜನರ ಸೆರೆಯಿಂದ ತಪ್ಪಿಸಿಕೊಂಡು, ೧೭೧೪ರಲ್ಲಿ ಯಾರ್ಕ್ ಫ್ಯಾಕ್ಟರಿಯೆಂಬ ಕಂಪನಿಯ ಕೋಟೆಯನ್ನು ಸೇರಿದಳು. ಮರುವರ್ಷ ಚಳಿಯಲ್ಲಿಯೂ ಹಸಿವಿನಲ್ಲಿಯೂ ನಡೆದು, ಹಗೆಗಳಾಗಿದ್ದ ಎರಡು ಜನಾಂಗಗಳನ್ನು ಸಂಧಿಗೆ ಒಪ್ಪಿಸಿದಳು. ಕೋಟೆಯ ಅಧಿಕಾರಿ ಜೇಮ್ಸ್ ನೈಟನ ದಿನಚರಿಯಲ್ಲಿ ಈಕೆಯ ಒಂದು ಪ್ರಸಂಗವಿದೆ. ತೊಗಲನ್ನು ಹೇಗೆ ಸಿದ್ಧಪಡಿಸಿ ತರಬೇಕೆಂದು ತನ್ನವರಿಗೆ ಪಾಠ ಹೇಳುತ್ತಿದ್ದಳು. ಒಬ್ಬ ಮುದುಕ ಕೆಟ್ಟ ತೊಗಲುಗಳನ್ನು ಮುಂದೊಡ್ಡಲು, ಅವನ ಮೂಗನ್ನು ಹಿಡಿದು ಹಿಂದಕ್ಕೆ ನೂಕಿ, ಹೇಳಿಕೊಟ್ಟ ಹಾಗೆ ತಂದರೆ ಮಾತ್ರ ವ್ಯಾಪಾರವೆಂದು ಗದರಿಸಿದಳಂತೆ! ಈ ಗದರಿಕೆಯನ್ನು ಓದಿದಾಗ ನಮಗೆ ನಗು ಬರುತ್ತದೆ. ಆಮೇಲೆ ಗೌರವ ಹುಟ್ಟುತ್ತದೆ. ಕೆಲಸ ಬಲ್ಲವಳ ಕೋಪ ಅದು. ೧೭೧೭ರ ಫೆಬ್ರವರಿ ೫ರಂದು ಆಕೆ ಕಾಯಿಲೆಯಿಂದ ತೀರಿಕೊಂಡಳು. ಅವಳಂತೆ ತೊಗಲು ತೊಳೆದ ಸಾವಿರಾರು ಮಂದಿಯ ಹೆಸರನ್ನು ಯಾರೂ ಬರೆದಿಡಲಿಲ್ಲ.

ಅಹಿಂಸೆಯನ್ನು ಪರಮಧರ್ಮವೆಂದು ಕೇಳಿ ಬೆಳೆದ ನಮಗೆ ಈ ಕೊಲೆಯ ಕಸುಬಿನ ಮಾತೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದದ್ದೇ. ಟೋಪಿಯ ಮೋಹದಿಂದ ಬೀವರ್ ಅನೇಕ ಪ್ರದೇಶಗಳಲ್ಲಿ ಅಳಿಯಿತು. ಕಾಲನ್ನು ಕಚ್ಚಿಹಿಡಿಯುವ ಉಕ್ಕಿನ ಬೋನುಗಳನ್ನು ನಿಷೇಧಿಸುವ ಕಾನೂನನ್ನು ಯೂರೋಪಿನ ರಾಷ್ಟ್ರಗಳು ೧೯೯೧ರಲ್ಲಿ ಮಾಡಿದವು. ನೋವು ಕಡಿಮೆಯಾದ ಬೋನುಗಳ ವಿಷಯದಲ್ಲಿ ಕೆನಡಾ ೧೯೯೭ರಲ್ಲಿ ಅವರೊಡನೆ ಒಪ್ಪಂದಕ್ಕೆ ಬಂತು. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಕಾನೂನು ನೀರುನಾಯಿಗೂ ರಕ್ಷಣೆ ಕೊಟ್ಟಿದೆ. ಇವೆಲ್ಲ ಆಗಬೇಕಾದುವೇ. ಆದರೆ ತೀರ್ಪು ಕೊಡುವ ಮುನ್ನ ಎರಡು ಸಂಗತಿಗಳನ್ನು ನೆನೆಯಬೇಕು. ಸೀಲ್ ಮರಿಗಳ ತೊಗಲನ್ನು ಯೂರೋಪು ೧೯೮೩ರಲ್ಲಿ ನಿಷೇಧಿಸಿದಾಗ, ಮರಿಗಳನ್ನು ಕೊಲ್ಲದೆ ದೊಡ್ಡ ಸೀಲುಗಳನ್ನು ಆಹಾರಕ್ಕಾಗಿ ಬೇಟೆಯಾಡುತ್ತಿದ್ದ ಇನುಯಿಟ್ ಜನರ ತೊಗಲಿಗೂ ಬೆಲೆ ಬಿದ್ದು, ಅವರ ಸಂಸಾರಗಳು ಕಷ್ಟಕ್ಕೆ ಸಿಕ್ಕಿದವು. ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ೧೮೪೦ರ ದಶಕದ ಹೊತ್ತಿಗೆ ರೇಷ್ಮೆಯ ಟೋಪಿ ಬಂದು ಬೀವರಿನ ಟೋಪಿಯನ್ನು ಹಿಂದಕ್ಕೆ ತಳ್ಳಿತು. ಬೀವರಿಗೆ ಉಸಿರಾಡಲು ಅವಕಾಶವಾಯಿತು. ರೇಷ್ಮೆಗೂಡಿನೊಳಗಿನ ಹುಳುವಿನ ಗತಿ ಏನೆಂಬುದನ್ನು ಮೈಸೂರು ಸೀಮೆಯವರಿಗೆ ನಾವು ಹೇಳಬೇಕಾಗಿಲ್ಲ.

ಸನ್ನದು ಪಡೆದ ಆ ಕಂಪನಿಯೂ ೨೦೨೫ರಲ್ಲಿ ತನ್ನ ಕಟ್ಟಕಡೆಯ ಅಂಗಡಿಗಳ ಬಾಗಿಲನ್ನು ಮುಚ್ಚಿತು. ಟೋಪಿ ಹೋಯಿತು, ಕಂಪನಿ ಹೋಯಿತು. ಉಳಿದಿರುವುದು ಒಂದು ಪ್ರಶ್ನೆ. ಅದು ಕೆನಡಾಕ್ಕೆ ಮಾತ್ರ ಸೇರಿದ್ದಲ್ಲ. ಈ ಆಕಾಶವಾಣಿಯಿಂದಲೇ ನಾವು ಸಂಗೀತ ಕಚೇರಿಗಳನ್ನು ಕೇಳುತ್ತೇವೆ. ಮೃದಂಗದ ನಾದಕ್ಕೆ ತಲೆದೂಗುತ್ತೇವೆ. ನುಡಿಸಿದ ವಿದ್ವಾಂಸರ ಹೆಸರನ್ನು ಹೇಳಿ ಹೊಗಳುತ್ತೇವೆ. ಆ ನಾದ ಹೊರಡುವುದು ಆಡು, ಹಸು, ಎಮ್ಮೆಗಳ ತೊಗಲಿನಿಂದ. ಅದನ್ನು ನೆನೆಹಾಕಿ, ತೊಳೆದು, ಹೆರೆದು, ಬಿಗಿದು, ಶ್ರುತಿಗೆ ತಂದವನು ಯಾರು? ಅವನ ಹೆಸರೇನು? ನಮ್ಮ ಮನೆಯಲ್ಲಿ ಅವನು ಎಲ್ಲಿಯವರೆಗೆ ಬರಬಹುದು? ಮೃದಂಗ ಮಾಡುವವರನ್ನು ಕುರಿತು ಗಾಯಕ ಟಿ. ಎಂ. ಕೃಷ್ಣ ಅವರು ಒಂದು ಪುಸ್ತಕ ಬರೆದು ಈ ಪ್ರಶ್ನೆಯನ್ನೆತ್ತಿದ್ದು ೨೦೨೦ರಲ್ಲಿ. ವಾದ್ಯವನ್ನು ಪೂಜೆಯ ಕೋಣೆಯಲ್ಲಿಟ್ಟು, ಅದಕ್ಕೆ ತೊಗಲು ಮುಚ್ಚಿದವನನ್ನು ಬಾಗಿಲಾಚೆ ನಿಲ್ಲಿಸುವುದು ಶುಚಿತ್ವವೆಂದು ನಾವು ಬಹುಕಾಲ ನಂಬಿದೆವು. ಕೊಳೆಯನ್ನು ತೊಳೆದವನೇ ಕೊಳಕನಾದನು. ತೊಳೆದುಕೊಟ್ಟದ್ದನ್ನು ಅನುಭವಿಸಿದ ನಾವು ಶುಚಿಗಳಾದೆವು.

ತಣ್ಣೀರಿನಿಂದ ತೊಗಲಿನ ನೆತ್ತರು ಹೋಗುತ್ತದೆ. ಈ ಕಲೆ ಹೋಗುವುದಕ್ಕೆ ಬೇರೆ ಉಪಾಯವಿಲ್ಲ. ಆ ಕೈಗಳನ್ನು ನೋಡಬೇಕು, ಅವರ ಹೆಸರನ್ನು ಕೇಳಬೇಕು, ಅವರಿಗೆ ಸಲ್ಲತಕ್ಕ ಬೆಲೆಯನ್ನೂ ಆಸನವನ್ನೂ ಕೊಡಬೇಕು. ಮುಂದಿನ ಕಚೇರಿಯಲ್ಲಿ ಮೃದಂಗದ ತನಿಯನ್ನು ಕೇಳುವಾಗ ಶ್ರೋತೃಗಳು ಇದನ್ನೊಮ್ಮೆ ನೆನೆದುಕೊಂಡರೆ ನಮ್ಮ ಈ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇವೆ.