ಒಣಹವೆ ಮುಂದುವರಿಯಲಿದೆ
ಬಲವಾದ ಗಾಳಿ, ಒಣಹವೆ. ಫೆಬ್ರುವರಿಯ ಹವಾಮಾನ ವರದಿ ಇಷ್ಟರಲ್ಲೇ ಮುಗಿಯುತ್ತದೆ. ಮಳೆಯಿಲ್ಲ ಎಂದಮೇಲೆ ಸುದ್ದಿಯೇನು ಬಂತು ಎಂದು ನಾವೂ ರೇಡಿಯೊದ ಕಿವಿ ಹಿಂಡುತ್ತೇವೆ. ಆದರೆ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದಕ್ಕಿಂತ ಸಿಹಿಸುದ್ದಿ ಬೇರೊಂದಿಲ್ಲ. ದ್ರಾವಣದಲ್ಲಿ ಅದ್ದಿ ತೆಗೆದ ಗೊನೆಗಳನ್ನು ಶೆಡ್ಡಿನ ಬಲೆಗಳ ಮೇಲೆ ಅಂತಸ್ತು ಅಂತಸ್ತಾಗಿ ಹರವಿರುತ್ತಾರೆ. ನೆರಳಲ್ಲಿ ಅವನ್ನು ಒಣಗಿಸುವುದು ಈ ಗಾಳಿಯೇ. ಎರಡು ವಾರ ಹೀಗೇ ಬೀಸಿದರೆ ಒಣದ್ರಾಕ್ಷಿ. ನಡುವೆ ಅಕಾಲಿಕ ಮಳೆ ಬಂತೋ, ಬಣ್ಣವೂ ಹೋಯಿತು, ಬೆಲೆಯೂ ಹೋಯಿತು.

ಬಂಡೀಪುರದಲ್ಲಿ ಇದೇ ಗಾಳಿಗೆ ಜನ ಹೆದರುತ್ತಾರೆ. 2019ರ ಫೆಬ್ರುವರಿಯಲ್ಲಿ ಅಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತು. ತರಗೆಲೆ, ಒಣಗಿದ ಲಂಟಾನ, ಮೇಲೆ ಬೀಸುಗಾಳಿ. ಮೊದಲೇ ಸುಟ್ಟು ಬೋಳಾಗಿಸಿಟ್ಟ ಬೆಂಕಿರೇಖೆಯನ್ನೂ ಕಿಡಿ ಹಾರಿ ದಾಟಿಬಿಡುತ್ತದೆ. ಹಸಿ ಸೊಪ್ಪಿನ ಕೊಂಬೆಯಿಂದ ಬೆಂಕಿ ಬಡಿಯುವ ಕಾವಲುಗಾರರು ಕಾಯುವುದು ವಿಜಯಪುರದಲ್ಲಿ ಬೇಡವಾದ ಅದೇ ಮಳೆಗೆ.